ಸದ್ದಿಲ್ಲದೆ ಹೋದ ಫೋನು

ನಾರಾಯಣಖೇಡದ ಕುರಿ ಸಾಕುವವರ ಸಂಘದ ಆಫೀಸಿನಲ್ಲಿ ನನ್ನ ಕೆಲಸ ಸುದ್ದಿ ಓದುವುದು. ಮಳೆ, ಲಸಿಕೆ, ರೋಗ ಏನೇ ಇದ್ದರೂ ಕನ್ನಡದಲ್ಲಿ ಓದಿ ರೆಕಾರ್ಡ್ ಮಾಡುತ್ತೇನೆ. ಸರ್ವರು ತಾನೇ ಹಟ್ಟಿ ಹಟ್ಟಿಗೆ ಫೋನು ಮಾಡಿ ಅದನ್ನು ಕೇಳಿಸುತ್ತದೆ. ತೆಲುಗಿಗೆ ಬೇರೆಯವರಿದ್ದಾರೆ.

ಸಿರ್ಗಾಪುರದ ಕಡೆ ಕುರಿ ಕಾಯುತ್ತಿದ್ದ ನನ್ನ ಸೋದರಮಾವನಿಗೂ ಆ ಫೋನು ಹೋಗುತ್ತಿತ್ತು. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವನು, ಕುರಿ ಮಾರಿ ಕಾಲೇಜು ಓದಿಸಿದವನು ಅವನೇ. ಅದು ರೆಕಾರ್ಡು ಎಂದು ಎಷ್ಟು ಸಲ ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ನನ್ನ ದನಿ ಕೇಳಿದರೆ ಸಾಕು, "ಹೂಂ ಅವ್ವಾ, ಹಂಗೇ ಮಾಡ್ತೀನಿ. ಉಂಡ್ಯಾ?" ಎನ್ನುತ್ತಿದ್ದನಂತೆ. ಕೇಳಿದವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಮ್ಮೆ ಸರ್ವರಿನ ಭದ್ರತೆ ನೋಡಲು ಹೈದರಾಬಾದಿನಿಂದ ಒಬ್ಬ ಬಂದ. ಬೇಡದ್ದನ್ನೆಲ್ಲ ಚಾಲೂ ಇಟ್ಟರೆ ಕಳ್ಳರು ಅಲ್ಲಿಂದಲೇ ನುಗ್ಗುತ್ತಾರೆ ಎಂದ. ಅದೇನೋ ಸರಿ. ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಒಂದೊಂದನ್ನೇ ನಿಲ್ಲಿಸುತ್ತಾ ಆಡಿಯೊ ಹತ್ತಿರ ಬಂದಾಗ, "ಅದು ಇರಲಿ ಸರ್, ನಮ್ಮ ಫೋನುಗಳು..." ಎಂದೆ.

"ಸ್ಪೀಕರೇ ಇಲ್ಲದ ಮಷಿನಿಗೆ ಆಡಿಯೊ ಯಾಕಮ್ಮಾ?" ಎಂದು ನಕ್ಕು ಅದನ್ನೂ ನಿಲ್ಲಿಸಿದ. ಫೋನು ಮಾಡುವ ಸಾಫ್ಟ್‌ವೇರಿಗೆ ದನಿ ಹೊರಡಿಸಲು ಅದೇ ಬೇಕಿತ್ತು. ಪರೀಕ್ಷೆಗೆಂದು ಒಂದು ಕರೆ ಕಳಿಸಿದ, ನನ್ನ ಮೊಬೈಲು ರಿಂಗಾಯಿತು, ಅಷ್ಟಕ್ಕೇ ತೃಪ್ತನಾಗಿ ಬ್ಯಾಗು ಹಾಕಿಕೊಂಡು ಹೊರಟ ಪುಣ್ಯಾತ್ಮ. ಅದನ್ನೆತ್ತಿ ಕಿವಿಗೆ ಹಿಡಿಯಲು ಅವನಿಗೆ ಪುರಸೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಸಿರ್ಗಾಪುರದ ಸುತ್ತ ಹಿರೇಬೇನೆ ಕಾಣಿಸಿದೆ ಎಂದು ದನದ ಡಾಕ್ಟರು ತಿಳಿಸಿದರು. ಕುರಿಗೆ ಆ ರೋಗ ಬಂತೆಂದರೆ ಹಿಂಡೇ ಹೋಗುತ್ತದೆ. "ನಿಮ್ಮ ಕುರಿ ಬ್ಯಾರೆಯವರ ಹಿಂಡಿಗೆ ಕೂಡಿಸಬ್ಯಾಡ್ರಿ" ಎಂದು ಓದಿ ಕಳಿಸಿದೆ. ಎಲ್ಲ ಕರೆಗಳೂ ಮುಟ್ಟಿವೆ ಎಂದು ಪರದೆಯ ಮೇಲೆ ಬಂತು.

ಮಧ್ಯಾಹ್ನ ನೋಡಿದರೆ ಬಾಗಿಲಲ್ಲಿ ಮಾವ! ಬಸ್ಸಿಳಿದು ಓಡಿ ಬಂದಿದ್ದ, ಏದುಸಿರು.

"ಏನಾತ ಅವ್ವಾ? ಫೋನ್ ಮಾಡಿದಿ, ಒಂದ್ ಮಾತೂ ಆಡ್ಲಿಲ್ಲ. ಹಲೋ ಹಲೋ ಅಂತ ಒದರೇ ಒದರಿದೆ. ಬಂದ ನಂಬರಿಗೆ ತಿರುಗಿ ಹಚ್ಚಿದ್ರ ಹತ್ತವಲ್ದು. ಅಳಾಕತ್ತೀ ಏನೋ ಅಂತ ನನ್ನ ಜೀವಾನೇ ಹಾರಿ ಹೋತು."

"ಕುರಿ ಎಲ್ಲಿ ಮಾಮಾ?"

"ಬಾಜೂದವರ ಹಿಂಡಿನಾಗ ಬಿಟ್ಟು ಬಂದೀನಿ. ನೀ ಚೆಂದ ಅದೀಯಲ್ಲ, ಸಾಕ ಬಿಡು."

ರೋಗದ ಸುದ್ದಿ ಹೇಳಿದ ಕೂಡಲೇ ಅವನು ನೀರೂ ಕುಡಿಯದೆ ಬಸ್‌ಸ್ಟ್ಯಾಂಡಿಗೆ ಓಡಿದ. ಆದರೆ ಅಷ್ಟರಲ್ಲಿ ಎರಡೂ ಹಿಂಡು ಒಂದೇ ಕಡೆ ಮೇದು, ಒಂದೇ ಕಡೆ ನೀರು ಕುಡಿದಿದ್ದವು. ಆಡಿಯೊ ಅವತ್ತೇ ಮತ್ತೆ ಚಾಲೂ ಮಾಡಿದರು. ಒಂದು ಗುಂಡಿ ಒತ್ತುವ ಕೆಲಸ ಅದು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮೊದಲು ಮರಿಗಳ ಮೂಗು ಸೋರಿತು, ಬಾಯಿ ಹುಣ್ಣಾಯಿತು. ಆಮೇಲೆ ದೊಡ್ಡವೂ ಬಿದ್ದವು. ಮಾವ ಗುಂಡಿ ತೋಡುತ್ತಾ ಹೋದ. ನನಗೆ ಒಂದು ಬಿರುಸು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಹಾಳಾದವನು ಬೈಯಲೇ ಇಲ್ಲ.

ಈಗ ಅವನು ತಾಂಡೂರಿನಲ್ಲಿ ಲಾರಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬುತ್ತಾನೆ. ಹೋದ ಚಳಿಗಾಲದಲ್ಲಿ ಆಫೀಸಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತ.

"ನನ್ನ ನಂಬರ್ ತೆಗದು ಬಿಡ ಅವ್ವಾ. ಲಸಿಕಿ ಹಾಕಿಸ್ರಿ ಅಂತ ನೀ ಅಂದಾಗೆಲ್ಲ ಹೂಂ ಅಂತೀನಿ. ಎದ್ದು ನೋಡಿದ್ರ ಕುರಿನೇ ಇಲ್ಲ."

ಅವನೆದುರಿಗೇ ತೆಗೆದೆ.

"ಆತೇನು?" ಎಂದ.

"ಆತು ಮಾಮಾ" ಎಂದೆ.