ಎಡ ಹುಬ್ಬೋ, ಬಲ ಹುಬ್ಬೋ

ಅವರ ಎರಡೂ ತೋರುಬೆರಳುಗಳ ತುದಿ ಚಪ್ಪಟೆಯಾಗಿತ್ತು. ಉಳಿದ ಬೆರಳುಗಳು ಎಲ್ಲರಂತೆ ನೀಳ, ಈ ಎರಡು ಮಾತ್ರ ಮೊಳೆಯ ತಲೆಯ ಹಾಗೆ ಅಗಲ. ಹಳೆಯ ಕನ್ನಡ ಟೈಪ್‌ರೈಟರಿನ ಗಟ್ಟಿ ಕೀಲಿಗಳನ್ನು ವರ್ಷಗಟ್ಟಲೆ ಎರಡೇ ಬೆರಳಿನಲ್ಲಿ ಕುಟ್ಟಿದ್ದರ ಫಲ ಅದು. ಕಂಪ್ಯೂಟರ್ ಬಂದ ಮೇಲೂ ಅಷ್ಟೇ ಜೋರಾಗಿ ಕುಟ್ಟುತ್ತಿದ್ದರು. ಬ್ರಹ್ಮಾವರದಲ್ಲಿ ಬಸ್ ಇಳಿದು ತಾಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಅರ್ಜಿ, ಜೆರಾಕ್ಸ್, ಮದುವೆಯ ಬಯೋಡಾಟಾ, ಎಲ್ಲವೂ ಅಲ್ಲಿ. ಊರಿಗೆಲ್ಲ ಅವರು ಟೈಪಿನಕ್ಕ.

ನನ್ನದು ಕೋಟದಲ್ಲಿ ಕನ್ನಡಕದ ಅಂಗಡಿ. ಅವರಲ್ಲಿಗೆ ನಾನು ಮೊದಲ ಸಲ ಹೋದದ್ದು ಅಣ್ಣ ಕಾಣೆಯಾದ ಮರುದಿನ. ಅಣ್ಣ ಇಪ್ಪತ್ತು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ದುಡಿದವನು. ಅಲ್ಲಿ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಊರಿಗೆ ಬಂದು ನಮ್ಮ ಜೊತೆಗೇ ಇದ್ದ. ಮಾತು ಕಡಿಮೆ, ಒಮ್ಮೊಮ್ಮೆ ಮನೆಯ ದಾರಿಯೂ ಮರೆತುಹೋಗುತ್ತಿತ್ತು. ಆ ದಿನ ಡಾಕ್ಟರಿಗೆ ತೋರಿಸಲೆಂದು ಬ್ರಹ್ಮಾವರಕ್ಕೆ ಕರೆದುಕೊಂಡು ಬಂದಿದ್ದೆ. ಮದ್ದಿನಂಗಡಿಯಲ್ಲಿ ಮದ್ದು ತೆಗೆದುಕೊಂಡು ತಿರುಗಿ ನೋಡಿದರೆ ಪಕ್ಕದ ಬೆಂಚಿನಲ್ಲಿ ಅವನಿಲ್ಲ. ಇಡೀ ಪೇಟೆ ಹುಡುಕಿದೆ. ಮರುದಿನ ಠಾಣೆಗೆ ಹೋದರೆ, ದೂರು ಬರೆಸಿಕೊಂಡು ಬನ್ನಿ ಎಂದರು.

ನಾನು ಹೋದಾಗ ಟೈಪಿನಕ್ಕನ ಎದುರು ಒಬ್ಬರು ಮಗಳ ಬಯೋಡಾಟಾ ಬರೆಸುತ್ತಿದ್ದರು. “ಸುಂದರಿ ಅಂತ ಹಾಕಿ” ಎಂದರು ಅವರು.

“ಸುಂದರಿ ಅಂದ್ರೆ ಯಾರನ್ ಅಂತ ಕಾಂಬುದ್? ಬರ್ದದ್ದ್ ಓದಿರೆ ಮನ್ಷ ಕಾಂಕ್” ಎಂದರು ಟೈಪಿನಕ್ಕ. ಕೊನೆಗೆ ಆ ತಂದೆಯ ಬಾಯಿಂದ, ಮಗಳು ಲೆಕ್ಕ ಮಾಡುವಾಗ ತುಟಿ ಅಲ್ಲಾಡಿಸುತ್ತಾಳೆ ಎಂಬುದನ್ನು ಹೊರಡಿಸಿದರು. ಬರೆದರೋ ಇಲ್ಲವೋ ನನಗೆ ನೆನಪಿಲ್ಲ.

ನನ್ನ ಸರದಿ ಬಂತು.

“ನಿಮ್ಮ ಅಣ್ಣ ಕಾಂಬುಕೆ ಹ್ಯಾಂಗಿದ್ರ್?”

“ನಮ್ಮಂಗೇ.”

“ಠಾಣೆಯವ್ರಿಗೆ ನಿಮ್ಮನ್ನೂ ಗೊತ್ತಿಲ್ಲೆ ಅಲ್ದಾ? ಮುಖ ಕೋಲಾ, ದುಂಡಾ?”

ದಿನಕ್ಕೆ ಹತ್ತಾರು ಮುಖಗಳಿಗೆ ಫ್ರೇಮು ಕೂರಿಸುವವನು ನಾನು. ಎದುರಿಗಿದ್ದವರ ಮೂಗಿನ ಅಗಲ ಕಣ್ಣಳತೆಯಲ್ಲೇ ಹೇಳಬಲ್ಲೆ. ಅಣ್ಣನ ಮುಖ ಮಾತ್ರ ಎಷ್ಟು ಯೋಚಿಸಿದರೂ ಎದುರು ಬಂದು ನಿಲ್ಲಲಿಲ್ಲ. ಹುಬ್ಬಿನ ಮೇಲೆ ಒಂದು ಗಾಯದ ಗುರುತಿತ್ತು, ಅದೂ ಎಡವೋ ಬಲವೋ ತಿಳಿಯಲಿಲ್ಲ. ಫೋಟೋ ಇದ್ದದ್ದು ನನ್ನ ಮದುವೆಯದೊಂದು. ಅದರಲ್ಲಿ ಅವನ ಅರ್ಧ ಮುಖ ಯಾರದೋ ಪೇಟದ ಹಿಂದೆ. ಆಧಾರ್ ಕಾರ್ಡಿನಲ್ಲಿದ್ದದ್ದು ಬರೀ ಕಪ್ಪು.

“ಎಡ ಅಂತ ಹಾಕಿ” ಎಂದೆ.

“ಚಹರೆ ಆಯ್ತ್, ಗುರ್ತ್ ಆಯ್ತ್. ಇನ್ ಅವ್ರ ಗುಣ ಎಂತದ್ದ್? ಎಂತ ಅಭ್ಯಾಸ?”

“ಅದೆಲ್ಲ ಠಾಣೆಯವ್ರ್ ಕೇಂಬುದಿಲ್ಲೆ ಅಕ್ಕ. ಬೇಗ ಬರ್ದ್ ಕೊಡಿ.”

ಅವರು ನನ್ನನ್ನೊಮ್ಮೆ ನೋಡಿ ಬರೆದುಕೊಟ್ಟರು. ‘ಎತ್ತರ ಐದೂವರೆ ಅಡಿ, ಕೋಲುಮುಖ, ಎಣ್ಣೆಗಪ್ಪು ಮೈಬಣ್ಣ, ಸಾಧಾರಣ ಶರೀರ, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಕನ್ನಡ, ಹಿಂದಿ, ಮರಾಠಿ ಮಾತನಾಡುತ್ತಾರೆ.’

ಮೂರನೆಯ ದಿನ ಬೈಂದೂರಿನ ಕಡೆಯಿಂದ ಫೋನು ಬಂತು. ಅಂಥವರೊಬ್ಬರು ಸಿಕ್ಕಿದ್ದಾರೆ, ಬಂದು ನೋಡಿ ಎಂದರು. ಸಿಕ್ಕಿದ ಬಸ್ಸು ಹತ್ತಿ ಹೋದೆ. ಅಲ್ಲಿ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ಐದೂವರೆ ಅಡಿ, ಕೋಲುಮುಖ, ಎಣ್ಣೆಗಪ್ಪು. ಎಡ ಹುಬ್ಬಿನ ಮೇಲೆ ಗಾಯದ ಗುರುತು. ನನ್ನನ್ನು ಕಂಡು ನಕ್ಕರು ಕೂಡ. ಪೊಲೀಸರು ಇಬ್ಬರಿಗೂ ಚಾ ತರಿಸಿ, ಕಾಗದ ಎದುರಿಟ್ಟು ಒಂದೊಂದೇ ಓದಿ, “ಎಲ್ಲಾ ಸಮಾ ಇತ್ತಲ್ಲ” ಎಂದರು. ನಾನು ನೋಡಿದೆ, ಮತ್ತೆ ನೋಡಿದೆ. ಒಂದು ಕ್ಷಣ ಅವನೇ ಅನ್ನಿಸಿತು. ಆದರೂ, ಏಕೆಂದು ತಿಳಿಯದೆಯೇ, “ಅಲ್ಲ” ಎಂದು ಹೇಳಿ ಎದ್ದು ಬಂದೆ. ಬಸ್ಸು ಕುಂದಾಪುರ ದಾಟುವಷ್ಟರಲ್ಲಿ ಅನುಮಾನ ಶುರುವಾಯಿತು. ಕಾಗದ ಹೌದು ಎನ್ನುತ್ತಿದೆ, ನಾನು ಅಲ್ಲ ಎಂದೆ. ತಪ್ಪಿದ್ದು ಯಾವುದು? ಕೋಟದಲ್ಲಿ ಇಳಿಯದೆ ನೇರ ಬ್ರಹ್ಮಾವರಕ್ಕೆ ಹೋದೆ.

ಟೈಪಿನಕ್ಕ ಎಲ್ಲವನ್ನೂ ಕೇಳಿ ಮಾನಿಟರಿನ ಮೇಲೆ ಕೈ ಒರೆಸುವ ಬೈರಾಸು ಹೊದೆಸಿ ನನ್ನ ಕಡೆ ತಿರುಗಿ ಕೂತರು.

“ಕೂಕಣಿ. ನಿಮ್ಮ ಅಣ್ಣ ಚಾ ಹ್ಯಾಂಗ್ ಕುಡಿತ್ರ್?”

“ಎಲ್ರಂಗೇ.”

“ಸಮಾ ನೆನಪ್ ಮಾಡ್ಕಣಿ.”

ಆಗ ನೆನಪಾಯಿತು. ಅಣ್ಣ ಚಾ ಬರುವ ಮೊದಲು ಗ್ಲಾಸಿಗೆ ಒಂದಿಷ್ಟು ನೀರು ಹೊಯ್ದು, ಎರಡು ಸುತ್ತು ತಿರುಗಿಸಿ, ಹೊರಗೆ ಚೆಲ್ಲಿ, ಆಮೇಲೆ ಚಾ ಹೊಯ್ಯಲು ಗ್ಲಾಸು ಚಾಚುತ್ತಿದ್ದ. ಹೋಟೆಲಿನ ಅಭ್ಯಾಸ. ಮನೆಯಲ್ಲಿ ನನ್ನ ಹೆಂಡತಿಗೆ ಅದರಿಂದ ಬೇಸರವೂ ಆಗಿತ್ತು.

“ಬೈಂದೂರಲ್ ಕಂಡವ್ರ್ ಹಾಂಗ್ ಮಾಡಿದ್ರಾ?”

“ಇಲ್ಲೆ. ಸೀದಾ ಕುಡ್ದ್ರ್.”

“ಹಾಂಗಾರೆ ಅವ್ರಲ್ಲ. ನೀವ್ ಹೇಳಿದ್ದ್ ಸಮಾ ಇತ್ತ್.”

ಮೂರು ದಿನಗಳಲ್ಲಿ ನನಗೆ ಸಿಕ್ಕ ಮೊದಲ ಸಮಾಧಾನ ಅದು. ಆಮೇಲೆ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಬಸ್ ಟಿಕೆಟನ್ನು ವಾಚಿನ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುವುದು. ಯಾರಾದರೂ ಕರೆದರೆ ಮೊದಲು ಹೆಗಲು ಮುಟ್ಟಿಕೊಂಡು, ಅಲ್ಲಿ ಟವೆಲ್ಲಿದೆಯೇ ಎಂದು ನೋಡಿ, ಆಮೇಲೆ ತಿರುಗುವುದು. ಇವೆಲ್ಲ ನನಗೆ ಗೊತ್ತಿದ್ದವು ಎಂಬುದೇ ಗೊತ್ತಿರಲಿಲ್ಲ.

ಚಹರೆಯ ಜೊತೆಗೆ ಆ ಎಲ್ಲವನ್ನೂ ಸೇರಿಸಿ ಅವರು ಬರೆದುಕೊಟ್ಟ ಹ್ಯಾಂಡ್‌ಬಿಲ್ಲುಗಳನ್ನು ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಹಂಚಿದೆ. ಎರಡು ದಿನ ಕಳೆದು ಹಟ್ಟಿಯಂಗಡಿಯ ಹತ್ತಿರದ ಹೋಟೆಲಿನವರೊಬ್ಬರು ಫೋನು ಮಾಡಿದರು.

“ಹ್ವಾಯ್, ಇಲ್ಲೊಬ್ರ್ ಇದ್ರ್. ಚಾ ಕೊಡುಕ್ ಮೊದ್ಲ್ ಗ್ಲಾಸ್ ತೊಳ್ಕಂತ್ರ್. ಬದೀಲ್ ಕೂತವ್ರದ್ದೂ ತೊಳೂಕ್ ಹೋತ್ರ್.”

ಹೋಗಿ ನೋಡಿದರೆ ಗಡ್ಡ ಬೆಳೆದ, ಯಾರೋ ಕೊಟ್ಟ ದೊಡ್ಡ ಅಂಗಿ ತೊಟ್ಟ ಒಬ್ಬ. ದೂರದಿಂದ ಕಂಡಾಗ ಇವನೂ ಅಲ್ಲ ಎಂದುಕೊಂಡೆ. “ಅಣ್ಣ” ಎಂದು ಕರೆದೆ. ಅವನು ಹೆಗಲು ಮುಟ್ಟಿಕೊಂಡು ತಿರುಗಿದ. ಗಾಯದ ಗುರುತು ಬಲ ಹುಬ್ಬಿನ ಮೇಲಿತ್ತು.

ಮರುದಿನ ಅವನನ್ನು ಟೈಪಿನಕ್ಕನಲ್ಲಿಗೆ ಕರೆದುಕೊಂಡು ಹೋದೆ. ಅವರು ಅಣ್ಣನ ಮುಖವನ್ನು ನಿಧಾನವಾಗಿ ನೋಡಿ, ತಮ್ಮಲ್ಲಿದ್ದ ಹ್ಯಾಂಡ್‌ಬಿಲ್ಲಿನ ಪ್ರತಿಯನ್ನು ಹುಡುಕಿ ತೆಗೆದು, ಪೆನ್ನಿನಲ್ಲಿ ‘ಎಡ’ ಹೊಡೆದು ‘ಬಲ’ ಎಂದು ಬರೆದರು.

“ಇನ್ ಅದ್ ಬ್ಯಾಡ ಅಲ್ದಾ ಅಕ್ಕ?”

“ಬ್ಯಾಡದಿದ್ರೂ ತಪ್ಪ್ ಇಪ್ಪುಕಾಗ.”

ಆ ಪ್ರತಿಯನ್ನು ಅವರು ಅಣ್ಣನ ಕೈಗೇ ಕೊಟ್ಟರು. ಅವನು ಅಲ್ಲೇ ಕೂತು ಅಷ್ಟನ್ನೂ ಎರಡು ಸಲ ಓದಿದ. ಓದಿದ್ದು ತಿಳಿಯಿತೋ ಇಲ್ಲವೋ, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಆಮೇಲೆ ಬ್ರಹ್ಮಾವರಕ್ಕೆ ಹೋದಾಗಲೆಲ್ಲ ಅವರ ಅಂಗಡಿಗೆ ಹೋಗುವುದು ನಮ್ಮ ರೂಢಿಯಾಯಿತು. ಕೆಲಸ ಇರುತ್ತಿರಲಿಲ್ಲ. ಅವರು ಕುಟ್ಟುತ್ತಿದ್ದರು, ಅಣ್ಣ ಬದಿಯಲ್ಲಿ ಕೂತು ಆ ಬೆರಳುಗಳನ್ನೇ ನೋಡುತ್ತಿದ್ದ. ಒಮ್ಮೆ ನಾನು, “ಚಹರೆ, ಗುರುತು, ಲಕ್ಷಣ, ಗುಣ ಅಂತ ಇಷ್ಟೊಂದು ಶಬ್ದ ಇತ್ತಲ್ಲ ಅಕ್ಕ, ಮನ್ಷನ್ನ ತೋರ್ಸೂದ್ ಯಾವ್ದ್?” ಎಂದು ಕೇಳಿದೆ.

“ನಂಗೂ ಸಮಾ ಗೊತ್ತಿಲ್ಲೆ ಮಾರಾಯ್ರೆ. ಅದಕ್ಕೇ ಎಲ್ಲಾ ಬರೂದ್” ಎಂದರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದು ನಾವಿಬ್ಬರೂ ಅವರ ಮನೆಗೆ ಹೋದೆವು. ಅಂಗಳದಲ್ಲಿ ಬಹಳ ಜನ. ಜಗಲಿಯಲ್ಲಿದ್ದ ಹಿರಿಯರೊಬ್ಬರು ನಮ್ಮನ್ನು ಕಂಡು, “ನೀವ್ ಅವ್ರಿಗೆ ಎಂತ ಆಯ್ಕ್?” ಎಂದು ಕೇಳಿದರು.

ನೆಂಟರಲ್ಲ, ನೆರೆಯವರಲ್ಲ, ಗಿರಾಕಿ ಎಂದರೆ ಸುಳ್ಳಾಗುತ್ತದೆ. ನಾನು ತಡವರಿಸುತ್ತಿರುವಾಗ ಅಣ್ಣ ಒಂದು ಹೆಜ್ಜೆ ಮುಂದೆ ಬಂದ.

“ಅವ್ರ್ ನನ್ನ ಬರ್ದವ್ರ್” ಎಂದ.

ಹಿರಿಯರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಸ್ವಲ್ಪ ಸರಿದು ನಮ್ಮಿಬ್ಬರಿಗೂ ಒಳಗೆ ಹೋಗಲು ದಾರಿ ಬಿಟ್ಟರು.