ಗಾಡಿ ಹತ್ತಿದ ಆಲ್ಬಂ

ಮಗಳ ಮದುವೆಯಲ್ಲಿ ಹಸೆಗೆ ಕರೆಯೋ ಹಾಡು ನಾನೇ ಹಾಡಬೇಕು. ನನಗಿದ್ದಿದ್ದು ಇದೊಂದೇ ಆಸೆ. ಸೀರೆ ಯಾವ ಬಣ್ಣದ್ದಾದರೂ ತನ್ನಿ, ಊಟಕ್ಕೆ ಹೋಳಿಗೆಯಾದರೂ ಮಾಡಿಸಿ, ಜಾಮೂನಾದರೂ ಮಾಡಿಸಿ, ನಾನು ಒಂದಕ್ಕೂ ಬಾಯಿ ಹಾಕಲ್ಲ ಅಂತ ನಮ್ಮ ಯಜಮಾನರಿಗೆ ಮೊದಲೇ ಹೇಳಿಬಿಟ್ಟಿದ್ದೆ. ಕೋಣೆಯಿಂದ ಹೆಣ್ಣನ್ನ ಹಸೆಮಣೆಗೆ ಕರೆತರುವಾಗ ವಾಲಗದವರನ್ನ ಸುಮ್ಮನಿರಿಸಿ ಹೆಂಗಸರು ಒಟ್ಟಿಗೆ ನಿಂತು ಹಾಡೋದು ನಮ್ಮ ಕಡೆ ಇನ್ನೂ ಉಳಿದಿದೆ. ನನ್ನ ಮದುವೆಯಲ್ಲಿ ನಮ್ಮವ್ವ ಹಾಡಿದ್ದಳು. ಅವಳ ಗಂಟಲು ನಡುಗಿದ್ದು ಈಗಲೂ ನನಗೆ ಕೇಳಿಸುತ್ತೆ.

ಇಪ್ಪತ್ತು ವರ್ಷ ಸ್ಟೇಜ್ ಮೇಲೆ ಹಾಡಿದವಳಿಗೆ ಇದೊಂದು ದೊಡ್ಡ ಆಸೆಯಾ ಅಂತ ನೀವು ಕೇಳಬಹುದು. ಅದನ್ನೇ ಹೇಳೋಕೆ ಕೂತಿದೀನಿ.

ತುಮಕೂರಿನಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ಎರಡು ಗಿಟಾರು, ಒಂದು ಕೀಬೋರ್ಡು, ಒಂದು ಡ್ರಮ್ ಸೆಟ್ಟು, ಮಧ್ಯೆ ನಾನು. ಜನ ಅದನ್ನ ಆರ್ಕೆಸ್ಟ್ರಾ ಅನ್ನೋರು. ಹಾಗಂದ್ರೆ ಸಾಕು, ನಮ್ಮ ಲೀಡ್ ಗಿಟಾರಿನವನಿಗೆ ಮೈಯೆಲ್ಲ ಉರಿಯೋದು. ಬ್ಯಾಂಡ್ ಕಟ್ಟಿದವನು ಅವನೇ. "ಆರ್ಕೆಸ್ಟ್ರಾ ಅನ್ಬೇಡ್ರೋ, ರಾಕ್ ಬ್ಯಾಂಡ್ ಕಣ್ರೋ ಇದು" ಅಂತ ಗಣಪತಿ ಪೆಂಡಾಲಿನವರ ಮೇಲೆಲ್ಲ ರೇಗೋನು. ಕೂದಲು ಭುಜದವರೆಗೆ ಬಿಟ್ಟಿದ್ದ, ನೆತ್ತಿ ಮಾತ್ರ ಬೋಳಾಗ್ತಾ ಬಂದಿತ್ತು. ನನಗೆ ಅವನು ಕೊಡ್ತಿದ್ದಿದ್ದು ಬರೀ ಫಾಸ್ಟ್ ಹಾಡು. ನಲವತ್ತೈದು ದಾಟಿದ ಮೇಲೂ, ಮಂಡಿ ನೋವಿಟ್ಟುಕೊಂಡು, ಮಿಣಮಿಣ ಅನ್ನೋ ಸೀರೆಯುಟ್ಟು ನಾನು ಕುಣೀತಾ ಹಾಡಬೇಕು. ಒಂದೇ ಒಂದು ನಿಧಾನದ ಹಾಡು ಕೊಡೋ ಅಂದ್ರೆ, "ಅಕ್ಕ, ಸ್ಲೋ ಹಾಕಿದ್ರೆ ಜನ ಊಟಕ್ಕೆ ಎದ್ದು ಹೋಗ್ತಾರೆ" ಅನ್ನೋನು. ನನ್ನ ಗಂಟಲಲ್ಲಿ ಇನ್ನೇನಿದೆ ಅಂತ ಇಪ್ಪತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಗುಬ್ಬಿಯಲ್ಲಿ ಒಂದು ರಿಸೆಪ್ಷನ್. ನಾನು ಯಾರನ್ನೂ ಕೇಳದೆ ನಿಧಾನದ ಹಾಡೊಂದನ್ನ ಎತ್ತಿಕೊಂಡೆ. ಎರಡು ಸಾಲು ಆಗಿತ್ತೋ ಇಲ್ಲವೋ, ಆ ಪುಣ್ಯಾತ್ಮ ಗಿಟಾರಿನ ವಾಲ್ಯೂಮ್ ಏರಿಸಿ ನನ್ನ ದನೀನ ಮುಚ್ಚಿಹಾಕಿಬಿಟ್ಟ. ನನಗೆ ತಲೆ ಕೆಟ್ಟುಹೋಯ್ತು. ಮೈಕು ಸ್ಟ್ಯಾಂಡಿಗೆ ಸಿಕ್ಕಿಸಿ ಸ್ಟೇಜ್ ಇಳಿದವಳು ಊಟಾನೂ ಮಾಡದೆ ಆ ಮಿಣಮಿಣ ಸೀರೆಯಲ್ಲೇ ತುಮಕೂರು ಬಸ್ ಹತ್ತಿದೆ. ಬಸ್ಸಲ್ಲಿ ಎಲ್ಲರೂ ನನ್ನನ್ನೇ ನೋಡ್ತಿದ್ದರು. ನೋಡ್ಲಿ ಬುಡು ಅಂದುಕೊಂಡೆ.

ನಿಟ್ಟೂರಿನಲ್ಲಿ ನನ್ನ ಹೈಸ್ಕೂಲಿನ ಕನ್ನಡ ಮೇಷ್ಟ್ರು ಇದ್ದರು. ರಿಟೈರ್ ಆದಮೇಲೆ ನೋಟ್‌ಬುಕ್ಕಲ್ಲಿ ತತ್ವಪದದ ಥರ ಹಾಡು ಬರೆದು ಯಾರಿಗೂ ತೋರಿಸದೆ ಇಟ್ಟಿದ್ದರು. ಅದರಲ್ಲಿ ಎಂಟು ಹಾಡು ಕೇಳಿ ತಂದೆ. ಪಾತ್ರೆ ತೊಳೀತಾ, ಬಟ್ಟೆ ಹಿಂಡ್ತಾ ಒಂದು ವರ್ಷ ಕೂತು ರಾಗ ಹಾಕಿದೆ. ಒಂದು ತಂಬೂರಿ, ಒಂದು ಗಿಟಾರು, ನಾನು. ಅಷ್ಟೇ. ತುಮಕೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಮೂರು ಮಧ್ಯಾಹ್ನ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ವಿ.

ಅಯ್ಯೋ ಶಿವನೇ, ಜನ ಮೆಚ್ಚಿಕೊಂಡಿದ್ದೇ ಮೆಚ್ಚಿಕೊಂಡಿದ್ದು. ಬೆಂಗಳೂರಿನ ಪೇಪರೊಂದು ನನ್ನ ಫೋಟೋ ಹಾಕಿ ಅರ್ಧ ಪುಟ ಬರೀತು. ಮಠದಲ್ಲಿ ಕರೆದು ಶಾಲು ಹೊದಿಸಿದರು. ಅಮೆರಿಕದಿಂದ ಯಾರೋ ಫೋನ್ ಮಾಡಿ ಅತ್ತರು. ಮೇಷ್ಟ್ರು ಪೇಪರ್ ಕಟಿಂಗ್ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿಕೊಂಡರು. ಆ ಮೂರು ತಿಂಗಳು ನನ್ನ ಕಾಲು ನೆಲದ ಮೇಲಿರಲಿಲ್ಲ ಅಂತ ಹೇಳೋಕೆ ನನಗೇನೂ ನಾಚಿಕೆ ಇಲ್ಲ.

ನಮ್ಮ ಯಜಮಾನರದು ಶಿರಾ ಗೇಟ್ ಹತ್ತಿರ ಮೋಟರ್ ರಿಪೇರಿ ಅಂಗಡಿ. ಒಂದಿನ ಅವರಿಗೆ ಊಟದ ಕ್ಯಾರಿಯರ್ ತಗೊಂಡು ಸ್ಕೂಟರಲ್ಲಿ ಹೋಗ್ತಿದ್ದೆ. ಟ್ರಾಫಿಕ್ಕಲ್ಲಿ ನಿಂತಾಗ ಹಿಂದಿನಿಂದ ನನ್ನ ನಾಲ್ಕನೇ ಹಾಡು ಕೇಳಿಸ್ತು. ಯಾರೋ ಕಾರಲ್ಲಿ ಹಾಕಿದಾರೆ ಅಂತ ಹಿಗ್ಗಿ ತಿರುಗಿ ನೋಡಿದೆ. ಕಾರಲ್ಲ. ಸೇವಂತಿಗೆ ಹಾರ ಇಳಿಬಿಟ್ಟ ಮುಕ್ತಿ ವಾಹನ. ಗಾಡಿಗಳೆಲ್ಲ ಪಕ್ಕಕ್ಕೆ ಸರಿದವು. ಹೂ ಮಾರೋ ಹೆಂಗಸು ಬುಟ್ಟಿ ಕೆಳಗಿಟ್ಟು ಕೈ ಮುಗಿದಳು. ನಾನೂ ಹೆಲ್ಮೆಟ್ ತೆಗೆದು, ನನ್ನ ದನಿಗೆ ನಾನೇ ಕೈ ಮುಗಿದು ನಿಂತೆ.

ತಿಂಗಳು ಕಳೆಯೋದರೊಳಗೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಇರೋ ಬರೋ ಮುಕ್ತಿ ವಾಹನಗಳಲ್ಲೆಲ್ಲ ನನ್ನದೇ ಹಾಡು. ಒಬ್ಬ ಡ್ರೈವರನ್ನ ಅಡ್ಡಗಟ್ಟಿ ಕೇಳಿಯೇಬಿಟ್ಟೆ. ಅವನು ನನ್ನ ಕಾಲಿಗೆ ಬಿದ್ದ. "ನಾನೇ ಅಮ್ಮ ಎಲ್ಲಾ ಗಾಡಿಯೋರ್ಗೂ ಪೆನ್‌ಡ್ರೈವ್‌ಗೆ ಹಾಕ್ಕೊಟ್ಟಿದ್ದು. ನಿಮ್ ಹಾಡು ಹಾಕಿದ್ರೆ ಹೆಣದ ಮುಂದೆ ಜಗಳ ಆಡೋ ಅಣ್ತಮ್ಮಂದ್ರೂ ಸುಮ್ನಾಗ್ತಾರೆ ಕಣಮ್ಮ" ಅಂದ. ಅಂಥಾ ಹೊಗಳಿಕೆ ಯಾವ ಪೇಪರಿನವನೂ ಬರೆದಿರಲಿಲ್ಲ. ಬೈಯೋಕೆ ಹೋದವಳು ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ.

ಆಮೇಲೆ ಶುರುವಾಯ್ತು ನೋಡಿ. ಗುಬ್ಬಿ ಸಂತೆಯಲ್ಲಿ ತೆಂಗಿನಕಾಯಿ ಚೌಕಾಸಿ ಮಾಡ್ತಿದ್ದೆ. ಅಂಗಡಿಯವನು ತಲೆ ಎತ್ತಿ, "ನಿಮ್ ವಾಯ್ಸ್ ಎಲ್ಲೋ ಕೇಳಿದೀನಲ್ಲಕ್ಕ" ಅಂದ. ಎಲ್ಲಿ ಅಂತ ಹೊಳೆದ ತಕ್ಷಣ ಅವನ ಮುಖ ಸಣ್ಣಗಾಗಿ, ನಾನು ಕೇಳಿದ ರೇಟಿಗೇ ಕೊಟ್ಟು ಕಳಿಸಿದ. ಚಿಕ್ಕಪ್ಪನ ಮಗಳ ಮನೆಯಲ್ಲಿ ತೊಟ್ಟಿಲು ಶಾಸ್ತ್ರಕ್ಕೆ ಜೋಗುಳ ಎತ್ತಿದೆ. ಆ ಮನೆ ಅಜ್ಜಿ ಮಗೂನ ಎತ್ತಿಕೊಂಡು ಒಳಗೆ ಹೋದಳು. ಶಿವಗಣಾರಾಧನೆಗೆ ಬಂದು ಹಾಡಿ ಅಂತ ಮಾತ್ರ ವಾರಕ್ಕೆರಡು ಫೋನು. ಸತ್ತವರ ಮನೆಯವರೆಲ್ಲ ನನ್ನನ್ನ ಮನೆಮಗಳ ಥರ ನೋಡಿಕೊಳ್ಳೋರು. ಬದುಕಿರೋರ ಮನೆಗೆ ಮಾತ್ರ ಬಾ ಅನ್ನೋರಿಲ್ಲ.

ಕೊನೆಗೆ ಮಾನ ಮರ್ಯಾದೆ ಬಿಟ್ಟು ಬ್ಯಾಂಡಿನವನ ಹತ್ತಿರ ಹೋದೆ. "ವಾಪಸ್ ಬರ್ತೀನಿ ಕಣೋ. ಕುಣಿ ಅಂದ್ರೆ ಕುಣೀತೀನಿ" ಅಂದೆ. ಅವನು ಗಿಟಾರ್ ಕೆಳಗಿಟ್ಟ. "ಅಕ್ಕ, ತಪ್ಪು ತಿಳ್ಕೋಬೇಡಿ. ನಿಮ್ ಆಲ್ಬಂ ಕೇಳಿ ನಾನೇ ಅತ್ತಿದೀನಿ. ಅವತ್ತು ಗುಬ್ಬಿಯಲ್ಲಿ ನಾನ್ ಮಾಡಿದ್ದೂ ತಪ್ಪೇ. ಆದ್ರೆ ನಿಮ್ಮನ್ನ ರಿಸೆಪ್ಷನ್ ಸ್ಟೇಜಿಗೆ ಹತ್ತಿಸಿದ್ರೆ ನಾಳೆಯಿಂದ ನಮ್ಮನ್ನ ಯಾರ್ ಕರೀತಾರೆ ಹೇಳಿ?" ಅಂದ. ಅವನು ಹೇಳಿದ್ದು ನಿಜ. ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರೀತು. ಬ್ಯಾಂಡ್ ಬಿಟ್ಟಾಗ ಬಾಗಿಲು ತೆಗೆದು ಬಯಲಿಗೆ ಬಂದೆ ಅಂದುಕೊಂಡಿದ್ದೆ. ನಾನು ಬಂದಿದ್ದು ಪಕ್ಕದ ರೂಮಿಗೆ. ಅದಕ್ಕೆ ಕಿಟಕಿನೂ ಇರಲಿಲ್ಲ.

ಯೂಟ್ಯೂಬಿಂದ ತೆಗೆದುಬಿಡ್ತೀನಿ ಅಂತ ಒಂದಿನ ಮೊಬೈಲ್ ಹಿಡಿದು ಕೂತೆ. ಯಜಮಾನರು ಪಕ್ಕದಲ್ಲೇ ಮೋಟರಿಗೆ ತಂತಿ ಸುತ್ತುತಾ ಇದ್ದರು. "ತೆಗಿ. ಅಷ್ಟು ಗಾಡಿಯೊಳಗಿರೋ ಪೆನ್‌ಡ್ರೈವ್‌ನ ಏನ್ಮಾಡ್ತೀಯ?" ಅಂದರು, ತಲೆ ಕೂಡ ಎತ್ತದೆ. ಮೊಬೈಲ್ ಬದಿಗಿಟ್ಟು ಅಕ್ಕಿ ತೊಳೆಯೋಕೆ ಎದ್ದೆ.

ಇಂಥ ಹೊತ್ತಲ್ಲಿ ಮಗಳಿಗೆ ಕುಣಿಗಲ್ ಕಡೆ ಸಂಬಂಧ ಕೂಡಿಬಂತು. ಒಳ್ಳೇ ಜನ. ಸುಳ್ಳು ಯಾಕೆ ಹೇಳಲಿ, ಕೆಟ್ಟವರಾಗಿದ್ದರೆ ನನಗೆ ಸುಲಭ ಆಗ್ತಿತ್ತು. ಸೀರೆ ತೆಗೆಯೋಕೆ ಹೋದಾಗ ಬೀಗಿತ್ತಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ಹೋದ ವರ್ಷ ನಮ್ ಮಾವ ಹೋದಾಗ ದಾರಿಯುದ್ದಕ್ಕೂ ನಿಮ್ ಹಾಡೇ. ನಮ್ ಅತ್ತೆ ಆವತ್ತಿಂದ ನಿಮ್ ಹೆಸ್ರು ಹೇಳಿ ಕೈ ಮುಗೀತಾರೆ. ಅದಕ್ಕೇ ಬೀಗರೇ... ಮದುವೇಲಿ ಹಾಡು ಬೇರೆ ಯಾರಾದ್ರೂ ಹಾಡ್ಲಿ. ನಿಮಗೆ ಅರ್ಥ ಆಗುತ್ತಲ್ವಾ?" ಅರ್ಥ ಆಗದೆ ಏನು! ನಾನು ರೇಷ್ಮೆ ಸೀರೆಯ ಸೆರಗು ಮುಟ್ಟಿ ನೋಡ್ತಾ, ಬಣ್ಣ ಚೆನ್ನಾಗಿದೆ ಅಂದೆ.

ಮಗಳಿಗೆ ಗೊತ್ತಾಗಿ ಮನೆಯಲ್ಲಿ ರಂಪ ಎಬ್ಬಿಸಿದಳು. ನನ್ನ ಸಿಟ್ಟೇ ಅವಳಿಗೂ ಬಂದಿರೋದು. ಹುಡುಗನಿಗೆ ಫೋನ್ ಹಚ್ಚಿ, "ನಮ್ಮಮ್ಮ ಹಾಡದೆ ನಾನ್ ಕೋಣೆಯಿಂದ ಆಚೆ ಬರಲ್ಲ, ನಿಮ್ಮಮ್ಮಂಗೆ ಹೇಳು" ಅಂದಳು. ಅವರೂ ಒಪ್ಪಿದರು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅಳ್ತಿದ್ದಿದ್ದು ಯಾರಿಗೂ ಗೊತ್ತಾಗಬಾರದಿತ್ತು.

ಮದುವೆಯ ಹಿಂದಿನ ದಿನ ಕುಣಿಗಲ್ ಛತ್ರದಲ್ಲಿ ಅರಿಶಿನದ ಶಾಸ್ತ್ರ. ಮಗಳನ್ನ ಮಣೆ ಮೇಲೆ ಕೂರಿಸಿ ಕೆನ್ನೆಗೆ ಅರಿಶಿನ ಹಚ್ಚುತಾ ಇದ್ದೆ. ಸಂತೋಷಕ್ಕೆ ಗೊತ್ತಿಲ್ಲದೇ ಏನೋ ಗುನುಗಿಬಿಟ್ಟೆ. ಯಾವ ಹಾಡು ಅಂತ ನೆನಪೂ ಇಲ್ಲ. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಹುಡುಗನ ಅಜ್ಜಿ ಸೆರಗನ್ನ ಬಾಯಿಗೆ ತುರುಕಿಕೊಂಡು ಅಳೋಕೆ ಶುರುಮಾಡಿದರು. ಸದ್ದೇ ಇಲ್ಲ, ಭುಜ ಮಾತ್ರ ಅಲುಗಾಡ್ತಿತ್ತು. ನಾನು ಓಡಿಹೋಗಿ ಕಾಲ ಹತ್ತಿರ ಕೂತೆ. ಆ ಮುದುಕಿ ನನ್ನ ಅರಿಶಿನದ ಕೈ ಹಿಡಿದು, "ನಿನ್ ತಪ್ಪಲ್ಲ ಕಣವ್ವ. ನಿನ್ ದನಿ ಕೇಳಿದ್ರೆ ಅವರನ್ನ ಎತ್ಕೊಂಡ್ ಹೋಗಿದ್ದೇ ಕಣ್ಮುಂದೆ ಬತ್ತದೆ" ಅಂದರು. ಮಗಳು ಮಣೆ ಮೇಲಿಂದ ನೋಡ್ತಿದ್ದಳು.

ಮಾರನೇ ದಿನ ಬೆಳಿಗ್ಗೆ ಕೋಣೆಯಲ್ಲಿ ಅವಳ ನೆರಿಗೆ ಸರಿಮಾಡ್ತಿದ್ದೆ. "ಹಾಡ್ತೀಯ ಅಲ್ವಾ ಅಮ್ಮ?" ಅಂದಳು. ಕನ್ನಡಿ ನೋಡಿಕೊಂಡು ಕೇಳಿದಳು, ನನ್ನ ಮುಖ ನೋಡಲಿಲ್ಲ. ಹೂಂ ಕಣೇ ಅಂದೆ. ಕಿವಿಯೋಲೆ ಹಾಕಿಕೊಳ್ತಾ ಎರಡು ಸಲ ತಿರುಪು ಕೆಳಗೆ ಬೀಳಿಸಿದಳು. ಮುಹೂರ್ತದ ಗಾಬರಿ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡೆ.

ವಾಲಗ ನಿಂತಿತು. ನಮ್ಮ ಚಿಕ್ಕಮ್ಮ, ಅತ್ತಿಗೆ, ನಾನು, ಇನ್ನೂ ನಾಲ್ಕು ಹೆಂಗಸರು ಆರತಿ ಹಿಡಿದು ಕೋಣೆ ಬಾಗಿಲಲ್ಲಿ ನಿಂತೆವು. ಎದುರಿಗೆ ಮೊದಲ ಸಾಲಲ್ಲಿ ಆ ಅಜ್ಜಿ. ಸೆರಗು ಈಗಲೇ ಕೈಯಲ್ಲಿ ರೆಡಿ. ಮಗಳು ನನ್ನಿಂದ ಒಂದು ಮೊಳ ದೂರದಲ್ಲಿ ತಲೆ ಬಗ್ಗಿಸಿ ನಿಂತಿದ್ದಳು. ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಚಿಕ್ಕಮ್ಮನ ಮೊಣಕೈ ತಿವಿದೆ. ಅವಳು ತನ್ನ ಒಡಕು ಗಂಟಲಲ್ಲಿ ಎತ್ತಿಕೊಂಡಳು, ಮಿಕ್ಕವರು ಹಿಡಿದರು. ನಾನೂ ಬಾಯಿ ಆಡಿಸಿದೆ. ಎಲ್ಲ ಸಾಲಿಗೂ ಆಡಿಸಿದೆ, ಒಂದು ಅಕ್ಷರ ಬಿಡಲಿಲ್ಲ. ಗಂಟಲಿಂದ ಉಸಿರನ್ನೂ ಆಚೆ ಬಿಡಲಿಲ್ಲ. ಅಜ್ಜಿ ನಗ್ತಾ ಅಕ್ಷತೆ ಹಾಕಿದರು.

ಹಸೆಮಣೆ ಮೇಲೆ ಕೂರಿಸುವಾಗ ಮಗಳು ನನ್ನ ಕುತ್ತಿಗೆ ತಬ್ಬಿಕೊಂಡಳು. ನಿನ್ನೆಯಿಂದ ಬಿಗಿದಿದ್ದ ಅವಳ ಮೈ ಸಡಿಲ ಆಗಿತ್ತು.

"ನಿನ್ ದನಿ ಎಷ್ಟ್ ಚೆನ್ನಾಗ್ ಕೇಳಿಸ್ತು ಅಮ್ಮ" ಅಂದಳು ಕಿವಿಯಲ್ಲಿ. "ಥ್ಯಾಂಕ್ಸ್ ಅಮ್ಮ."