ಆಯಿಯ ಬಾಟಲಿ, ನನ್ನ ನಿಂಬೆಕಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಬ್ಬ ಮುದುಕಿಯ ಇಡೀ ದಿನದ ನೀರನ್ನು ನಾನು ಒಂದೇ ಉಸಿರಿಗೆ ಕುಡಿದಿದ್ದೇನೆ. ಅದೂ ಅವಳ ಕಾರಿನ ಏಸಿಯನ್ನು ಕೆಡಿಸಿದ ಮೇಲೆ. ಕೆಡಿಸಿದವನು ನಾನೇ ಎಂಬುದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ನೀರು ಗಂಟಲಲ್ಲಿ ಇಳಿಯುತ್ತಿತ್ತೇ ಎಂದು ಕೇಳಬೇಡಿ. ಆ ಬಿಸಿಲಿನಲ್ಲಿ ಇಳಿಯುತ್ತಿತ್ತು.

ಇವತ್ತು ಇದೆಲ್ಲ ನೆನಪಾಗಲು ಕಾರಣ ಒಂದು ವಾಸನೆ. ಬೆಳಿಗ್ಗೆ ಅಂಗಡಿಗೆ ಬಂದ ಕಾರಿನ ಬಾನೆಟ್ ಎತ್ತಿದರೆ, ಮುಂದೆ ಕಟ್ಟಿದ್ದ ನಿಂಬೆಕಾಯಿ ಇಂಜಿನ್ನಿನ ಕಾವಿಗೆ ಅರ್ಧ ಬೆಂದು ಹುಳಿಹುಳಿ ವಾಸನೆ ಹೊಡೆಯುತ್ತಿತ್ತು. ನಿಮಗೆ ನಿಂಬೆ ಎಂದರೆ ಪಾನಕ ನೆನಪಾದೀತು. ನನಗೆ ತಿಕೋಟಾ ರಸ್ತೆ ನೆನಪಾಗುತ್ತದೆ.

ನಾನು ವಿಜಯಪುರದಲ್ಲಿ ಗಾಡಿಗಳ ಕರೆಂಟಿನ ಕೆಲಸ ಮಾಡುವವನು. ಹಾರ್ನು, ಲೈಟು, ಏಸಿಯ ವೈರು, ಇಷ್ಟೇ ನನ್ನ ರಾಜ್ಯ. ಕೆಲಸ ಕಲಿತದ್ದು ಬಬಲೇಶ್ವರದ ಚನ್ನಪ್ಪ ಮಾಮಾನ ಹತ್ತಿರ. ಅವರು ನನಗೆ ಸೋದರಮಾವನೂ ಅಲ್ಲ, ಯಾವ ಮಾವನೂ ಅಲ್ಲ, ಬಬಲೇಶ್ವರದ ಅರ್ಧ ಊರಿಗೆ ಅವರು ಮಾಮಾ. ಅವರ ಒಟ್ಟು ಸಲಕರಣೆ ಎಂದರೆ ಎರಡು ವೈರು ಕಟ್ಟಿದ ಒಂದು ಹಳೇ ಬಲ್ಬು. ಗಾಡಿ ಬಂದರೆ ಬಾನೆಟ್ ಮುಟ್ಟುತ್ತಿರಲಿಲ್ಲ. ಗಾಡಿಯವನನ್ನು ಕೂರಿಸಿ ನೀರು ಕೊಟ್ಟು, ಎಲ್ಲಿ ಕೆಡುತ್ತದೆ, ಯಾವಾಗ ಕೆಡುತ್ತದೆ, ಗುಂಡಿಯಲ್ಲೋ ಏರಿನಲ್ಲೋ, ಒಳಗೆ ಯಾರಿದ್ದರು ಎಂದು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸುತ್ತಿದ್ದರು. ನನಗೆ ಇದು ಹೊತ್ತು ಕಳೆಯುವ ಕೆಲಸವೆನಿಸುತ್ತಿತ್ತು. ಸ್ವಂತ ಅಂಗಡಿ ಹಾಕಿದ ದಿನ ಅಂಕಿ ತೋರಿಸುವ ಹೊಸ ಮೀಟರ್ ತಂದು, ಡಾಕ್ಟರು ಸ್ಟೆತಸ್ಕೋಪು ಹಾಕಿಕೊಂಡಂತೆ ಕೊರಳಿಗೆ ಹಾಕಿಕೊಂಡೆ. ಊಟಕ್ಕೆ ಕುಳಿತಾಗಲೂ ತೆಗೆಯುತ್ತಿರಲಿಲ್ಲ, ಒಮ್ಮೆ ಅದರ ವೈರು ಸಾರಿನಲ್ಲಿ ಅದ್ದಿತ್ತು.

ಮಾಮಾ ನೋಡಿ ಅಂದರು: "ಮೀಟರ್ ನಂಬರ್ ಹೇಳತೈತಿ, ಲೇ. ಎಲ್ಲಿ ನೋಯತೈತಿ ಅಂತ ಗಾಡಿ ಹೊಡಿಯಾಂವನ ಹೇಳಬೇಕು." ಹೊರಡುವಾಗ ತಮ್ಮ ಬಲ್ಬನ್ನು ನನ್ನ ಚೀಲಕ್ಕೆ ಹಾಕಿದರು. ನಾನು ಅದನ್ನು ಚೀಲದ ತಳಕ್ಕೆ ತಳ್ಳಿದೆ.

ಹೊನವಾಡದ ಸಿದ್ದಣ್ಣ ಬಂದದ್ದು ಆ ಬೇಸಿಗೆಯಲ್ಲಿ. ಅವನ ತಾಯಿ ಕಾಶವ್ವನಿಗೆ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ವಿಜಯಪುರಕ್ಕೆ ಕರೆತರಬೇಕಿತ್ತು. ಅದಕ್ಕೆಂದೇ ಹಳೆಯ ಕಾರು ಕೊಂಡಿದ್ದ. ಅದರ ಏಸಿಗೆ ಒಂದು ವಿಚಿತ್ರ ರೋಗ. ನನ್ನ ಅಂಗಡಿಯಲ್ಲಿ ಹಿಮ ಸುರಿಸುತ್ತಿತ್ತು, ಹೊನವಾಡ ಬಿಟ್ಟು ತಿಕೋಟಾ ಬರುವಷ್ಟರಲ್ಲಿ ಸಾಯುತ್ತಿತ್ತು. ಪ್ರತಿ ಸಲವೂ ಏಸಿಯ ಫ್ಯಾನಿನ ಫ್ಯೂಸ್ ಸುಟ್ಟಿರುತ್ತಿತ್ತು.

"ಅವ್ವಗ ತಂಪ ಬೇಕಪಾ, ಹೆಂಗರ ಮಾಡಿ ಸರಿ ಮಾಡು," ಎಂದ ಸಿದ್ದಣ್ಣ.

"ಹೊನವಾಡದ ಬಿಸಲಾಗ ದ್ರಾಕ್ಷಿ ಸೈತ ಏಸಿ ಇಲ್ದ ತಡಕೊಂಡಾವ, ಅಣ್ಣಾ," ಎಂದು ನಾನು ನಗೆಯಾಡಿದೆ. ಅವನು ನಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.

ಫ್ಯಾನಿಗೆ ಕರೆಂಟು ಬಿಡುವ ರಿಲೇ ಬದಲಿಸಿದೆ. ತಿಕೋಟಾದಲ್ಲಿ ಸತ್ತಿತು. ಫ್ಯಾನ್ ಬದಲಿಸಿದೆ. ತಿಕೋಟಾದಲ್ಲೇ ಸತ್ತಿತು. ತಿಕೋಟಾದಲ್ಲಿ ಯಾರೋ ಏಸಿಗೆ ಆಗದವರು ಇದ್ದಾರೆ ಎಂದು ಗಂಭೀರವಾಗಿ ಯೋಚಿಸಿದೆ. ಕೊನೆಗೆ ಹತ್ತು ಆಂಪಿಯರಿನ ಫ್ಯೂಸ್ ತೆಗೆದು, ಸುಲಭಕ್ಕೆ ಸುಡದ ಮೂವತ್ತರದು ಹಾಕಿದೆ. ಇದು ಬೊಗಳುವ ನಾಯಿಯ ಬಾಯಿ ಕಟ್ಟಿ, ಕಳ್ಳ ಹೋದ ಎಂದು ಮಲಗಿದ ಹಾಗೆ. ಆದರೆ ಆಗ ನನಗೆ ನನ್ನ ಬುದ್ಧಿಯ ಮೇಲೆ ಬಹಳ ಪ್ರೀತಿ.

ಎರಡು ದಿನ ಬಿಟ್ಟು ನಡುಮಧ್ಯಾಹ್ನ ಸಿದ್ದಣ್ಣನ ಫೋನು: "ತಿಕೋಟಾ ದಾಟಿ ನಿಂತೇವಿ. ಮುಂದಿಂದ ಹೊಗಿ ಬಂತು. ಅವ್ವನ ಕೆಳಗ ಇಳಿಸೇನಿ. ಬಾ ಲಗೂನ."

ಬೈಕಿನಲ್ಲಿ ಓಡಿದೆ. ಗಾಳಿ ಅಲ್ಲ ಅದು, ರೊಟ್ಟಿ ಹಂಚಿನ ಮೇಲಿಂದ ಎದ್ದ ಝಳ. ರಸ್ತೆ ಬದಿಯ ಬೇವಿನ ನೆರಳಲ್ಲಿ ಕಾಶವ್ವ ಆಯಿ ಒಬ್ಬಳೇ ಕುಳಿತಿದ್ದಳು. ಸಿದ್ದಣ್ಣ ಅಷ್ಟು ದೂರದಲ್ಲಿ ಬೇರೆ ಗಾಡಿಗೆ ಕೈ ಮಾಡುತ್ತಿದ್ದ. ನಾನು ಹೆಲ್ಮೆಟ್ ತೆಗೆಯುವುದರೊಳಗೆ ಆಯಿ ಮಡಿಲಿನಿಂದ ಒಂದು ಸಣ್ಣ ಬಾಟಲಿ ತೆಗೆದು ಚಾಚಿದಳು.

"ಬಿಸಲಾಗ ಬಂದಿ ತಮ್ಮಾ. ಮೊದ್ಲ ನೀರ ಕುಡಿ."

ಬಾಟಲಿಯ ಮೇಲೆ ಉಗುರಿನ ಬಣ್ಣದಿಂದ ಮೂರು ಕೆಂಪು ಗೀಟು ಹಾಕಿತ್ತು. ಮೊಮ್ಮಗಳ ಆಟವಿರಬೇಕು ಎಂದುಕೊಂಡು ತಲೆಯೆತ್ತಿ ಗಟಗಟ ಕುಡಿದೆ. ಕೊನೆಯ ಹನಿ ಬೀಳಲಿ ಎಂದು ತಳಕ್ಕೆ ಬೆರಳಿನಿಂದ ಬಡಿದೆ ಕೂಡ.

ಸಿದ್ದಣ್ಣ ಬಂದವನೇ ಖಾಲಿ ಬಾಟಲಿ ನೋಡಿದ.

"ಅವ್ವಾ, ನಿನ್ನ ನೀರ?"

"ತಮ್ಮಗ ಕೊಟ್ಟೆ."

"ಪೂರಾ?"

ಸಿದ್ದಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು. "ಅದ ಅಕಿ ದಿನಾ ಪೂರ್ತಿ ನೀರು. ಡಾಕ್ಟರ್ ಅಳತಿ ಹಾಕಿ ಕೊಟ್ಟಾರ. ಮುಂಜಾನಿ ಒಂದ ಗೀಟ, ಮಧ್ಯಾಹ್ನ ಒಂದ, ಸಂಜಿಗೊಂದ. ಹೆಚ್ಚಾತಂದ್ರ ಎದಿಗಿ ಏರಿ ಉಸಿರ ಹಿಡೀತೈತಿ. ತಂಪ ಇದ್ರ ನೀರಡಿಕಿ ತಡಕೋತಾಳ. ಇವತ್ತ ಮುಂಜಾನಿಂದ ಒಂದ ಗುಟುಕ ಮುಟ್ಟಿಲ್ಲ, ಬಿಸಲ ಏರಿದ ಮ್ಯಾಲೆ ಬೇಕಾಗತೈತಿ ಅಂತ ಇಟಗೊಂಡಿದ್ಳು."

ಏಸಿ ಯಾಕೆ ಬೇಕು ಎಂದು ಕೇಳಲು ನನಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು, ಹೇಳಿ.

ಸಿದ್ದಣ್ಣ ನನ್ನ ಬೈಕ್ ತೆಗೆದುಕೊಂಡು ನೀರು ತರಲು ಹೋದ. ನಾನು ಬಾನೆಟ್ ಎತ್ತಿದೆ. ಫ್ಯಾನಿನ ವೈರಿನ ಮೇಲ್ಹೊದಿಕೆ ಕಾದು ಮೆತ್ತಗಾಗಿತ್ತು. ಫ್ಯೂಸ್ ಸಾಯುತ್ತ ಅದನ್ನು ಕಾಪಾಡುತ್ತಿತ್ತು, ನಾನು ಆ ಕಾವಲುಗಾರನನ್ನೇ ಓಡಿಸಿದ್ದೆ. ಮೀಟರ್ ಹಚ್ಚಿದೆ. ನಿಂತ ಗಾಡಿಯಲ್ಲಿ ಎಲ್ಲ ಸರಿ ಇದೆ ಎಂದಿತು. ಆಗ ಚೀಲದ ತಳದಿಂದ ಮಾಮಾನ ಬಲ್ಬು ತೆಗೆದೆ. ಫ್ಯಾನಿನ ಸಾಕೆಟ್ ಬಿಚ್ಚಿ, ಸ್ಟೇರಿಂಗ್ ಕೆಳಗೆ ಫ್ಯೂಸಿನ ಜಾಗದಲ್ಲಿ ಬಲ್ಬು ಸಿಕ್ಕಿಸಿದೆ. ವೈರು ಎಲ್ಲಾದರೂ ಗಾಡಿಯ ಕಬ್ಬಿಣಕ್ಕೆ ತಾಕಿದರೆ ಬಲ್ಬು ಹತ್ತುತ್ತದೆ. ಆದರೆ ವೈರು ಅಲುಗಿಸಲು ನಾನು ಮುಂದೆ ನಿಂತರೆ ಒಳಗಿನ ಬಲ್ಬನ್ನು ನೋಡುವವರು ಯಾರು?

"ಆಯಿ, ಇಲ್ಲಿ ಕೂಡ್ರಿ. ಈ ಬಲ್ಬ್ ಹತ್ತಿದ್ರ ಹೇಳ್ರಿ."

"ಹತ್ತಿದ್ರ ಏನಾಗತೈತಿ?"

"ಕಳ್ಳ ಸಿಕ್ಕಂಗ್ರಿ."

ಒಣಗಿದ ತುಟಿ ಸವರಿಕೊಂಡು ಆಯಿ ಸೀಟಿನಲ್ಲಿ ಕುಳಿತಳು. ನಾನು ಒಂದೊಂದೇ ವೈರು ಹಿಡಿದು ಅಲುಗಿಸಿದೆ.

"ಇಲ್ಲ," ಎಂದಳು. "ಇಲ್ಲ. ಇಲ್ಲೋ ಯಪ್ಪಾ. ನಿನ್ನ ಕಳ್ಳ ಊರ ಬಿಟ್ಟ ಹೋಗ್ಯಾನ."

ಬೆವರು ಒರೆಸಿಕೊಳ್ಳಲು ಬಗ್ಗಿದಾಗ ನನ್ನ ಮೊಣಕಾಲು ಬಂಪರಿನ ಮುಂದೆ ತೂಗುತ್ತಿದ್ದ ನಿಂಬೆಕಾಯಿಗೆ ಬಡಿಯಿತು.

"ಹತ್ತಿತು," ಎಂದಳು ಆಯಿ.

ನಾನು ಅಲುಗಾಡದೆ ನಿಂತೆ.

"ಆರಿತು."

ನಿಂಬೆಕಾಯಿ ಎಳೆದೆ.

"ಹತ್ತಿತು. ಏನ ಹಿಡದಿ ಕೈಯಾಗ?"

ಏನು ಹೇಳಲಿ? ಏಸಿ ಕೆಡುವ ಮೊದಲು, ಹಿಂದಿನ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡಿಸಿದ ಸಿದ್ದಣ್ಣ, ದೃಷ್ಟಿಯಾಗದಿರಲೆಂದು ನಿಂಬೆಕಾಯಿ ಮೆಣಸಿನಕಾಯಿ ಕಟ್ಟಲು ನನಗೇ ಕೊಟ್ಟಿದ್ದ. ದಾರ ಹರಿಯುತ್ತದೆ ಎಂದು ನಾನು ಅಂಗಡಿಯ ತಾಮ್ರದ ತಂತಿ ತೆಗೆದುಕೊಂಡೆ. ಗಾಡಿಯ ಮುಂದಿನ ಜಾಲರಿಯೊಳಗೆ ಕೈ ತೂರಿಸಿ, ಗಟ್ಟಿಯಾಗಿ ಸಿಕ್ಕ ಏನಕ್ಕೋ ನಾಲ್ಕು ಸುತ್ತು ಬಿಗಿದು, "ಮುಂದಿನ ಅಮಾಸಿತನಾ ಅಲಗೂದಿಲ್ಲ ನೋಡಣ್ಣಾ," ಎಂದಿದ್ದೆ. ಗಟ್ಟಿಯಾಗಿ ಸಿಕ್ಕದ್ದು ಏಸಿ ಫ್ಯಾನಿನ ವೈರು. ಗುಂಡಿ ಗುಂಡಿಗೂ ನಿಂಬೆಕಾಯಿ ಕುಣಿದು, ತಂತಿ ವೈರಿನ ಚರ್ಮ ಸವೆಸಿ, ಕರೆಂಟನ್ನು ಕಬ್ಬಿಣಕ್ಕೆ ಮುಟ್ಟಿಸುತ್ತಿತ್ತು. ನನ್ನ ಅಂಗಡಿಯಲ್ಲಿ ಗುಂಡಿ ಇರಲಿಲ್ಲ.

ಸುಳ್ಳು ಹೇಳಲು ಅವಕಾಶವಿತ್ತು. ಸಿದ್ದಣ್ಣ ಇರಲಿಲ್ಲ, ಆಯಿಗೆ ವೈರು ತಿಳಿಯದು. ಆದರೆ ಅವಳ ನೀರು ನನ್ನ ಹೊಟ್ಟೆಯಲ್ಲಿತ್ತು.

"ನಿಂಬಿಕಾಯಿರಿ ಆಯಿ. ಕಟ್ಟಿದಂವ ನಾನ."

ಆಯಿ ನಕ್ಕಳು. ನಕ್ಕು ನಕ್ಕು ಒಣ ಕೆಮ್ಮು ಬಂತು. "ಮಂದಿ ಕಣ್ಣ ಬೀಳಬಾರದಂತ ಕಟ್ಟಿದಿ. ನಿನ್ನ ಕೈ ಬಿತ್ತಲ್ಲೋ."

ತಂತಿ ಕತ್ತರಿಸಿ, ಸುಟ್ಟ ವೈರಿನ ತುಂಡು ತೆಗೆದು ಹೊಸದು ಜೋಡಿಸಿ, ಟೇಪು ಸುತ್ತಿ, ಹತ್ತರದೇ ಫ್ಯೂಸ್ ಹಾಕಿದೆ. ಫ್ಯಾನ್ ತಿರುಗಿತು. ತಂಪು ಬಂತು. ಸಿದ್ದಣ್ಣ ತೋಟವೊಂದರಿಂದ ನೀರು ತಂದು, ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೀಟಿಗೆ ಸರಿಯಾಗಿ ತುಂಬಿದ. ಆಯಿ ಒಂದೇ ಗುಟುಕು ಬಾಯಿಗೆ ಹಾಕಿಕೊಂಡು, ನುಂಗದೆ, ಕಣ್ಣು ಮುಚ್ಚಿ ಕುಳಿತಳು. ನೀರನ್ನು ಹಾಗೆ ಕುಡಿದವರನ್ನು ನಾನು ಮತ್ತೆ ನೋಡಿಲ್ಲ.

ಇವತ್ತು ಬೆಳಿಗ್ಗೆ ಎತ್ತಿದ ಬಾನೆಟ್ಟನ್ನು ನಾನು ಹಾಗೇ ಇಳಿಸಿದೆ. ಜೈನಾಪುರದಿಂದ ಬಂದಿದ್ದ ಗಾಡಿಯವನನ್ನು ಕೂರಿಸಿ, ಚರಗಿ ತುಂಬ ನೀರು ಕೊಟ್ಟು, ಎಲ್ಲಿ ಕೆಡುತ್ತದೆ, ಒಳಗೆ ಯಾರಿರುತ್ತಾರೆ ಎಂದು ಕೇಳಿದೆ. ಅವನು ಅನುಮಾನದಿಂದ ನೋಡಿದ. ಮೀಟರ್ ಈಗ ಮೊಳೆಗೆ ತೂಗುತ್ತದೆ, ಕೊರಳಿಗಲ್ಲ.

ಆ ಘಟನೆಯಾದ ಮರುವಾರ ನಾನು ಹೊಸ ಬಾಟಲಿಗೆ ಮೂರು ಸೊಟ್ಟ ಗೀಟು ಎಳೆದು, ತಪ್ಪಾಯಿತೆಂದು ಹೇಳಲು ಆಯಿಯ ಮುಂದೆ ನಿಂತಿದ್ದೆ. ಅವಳು ಬಾಟಲಿಯನ್ನು ತಿರುಗಿಸಿ ನೋಡುತ್ತ ಹೇಳಿದಳು:

"ಮನ್ಯಾಗ ನನ್ನ ಕೈಯಾಗ ನೀರಿನ ಚರಗಿ ಕೊಡೂದ ಬಿಟ್ಟಾರಪಾ. ಕದ್ದ ಕುಡದಾಳು ಅಂತ ಅಂಜಿಕಿ ಅವರಿಗಿ. ಬಂದವರಿಗಿ ಸೊಸಿ ನೀರ ಕೊಡತಾಳ, ನಾ ಗ್ವಾಡಿಗಿ ಆನಕೊಂಡ ಕುಂತ ನೋಡತೀನಿ. ಅವತ್ತ ನೀ ಬಿಸಲಾಗ ಬಂದಿ, ನಾ ಕೊಟ್ಟೆ, ನೀ ಕುಡದಿ. ಎಷ್ಟ ದಿನಾ ಆಗಿತ್ತ ನನ್ನ ಕೈಲೆ ಒಬ್ಬರಿಗಿ ನೀರ ಕೊಟ್ಟ." ಆಮೇಲೆ ನನ್ನ ಸೊಟ್ಟ ಗೀಟಿನ ಮೇಲೆ ಬೆರಳಿಟ್ಟಳು. "ಆದ್ರ ಲೇ, ಒಂದ ಗೀಟಾದ್ರೂ ಉಳಸಬೇಕಿಲ್ಲೇನು?"